ಎರಡು ಚೀಲ ಚಾಲಿ ಅಡಿಕೆ ಮತ್ತು ಉತ್ತರ ಕನ್ನಡದ ಅಪರಾಧ ಲೆಕ್ಕ

ಹೋದ ಬೇಸಿಗೆಯಲ್ಲಿ ಶಿರಸಿ ಹತ್ತಿರದ ನಮ್ಮ ನೆಂಟರೊಬ್ಬರ ಮನೆಯಿಂದ ಎರಡು ಚೀಲ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ) ಅಡಿಕೆ ಕಾಣೆಯಾಯಿತು. ರಾತ್ರಿ ನಾಯಿ ಬೊಗಳಿತ್ತಂತೆ. ಹಂದಿ ಬಂದಿರಬೇಕು ಅಂದುಕೊಂಡು ಇವರು ಮಗ್ಗುಲು ಬದಲಿಸಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಜಗಲಿಯ ಮೂಲೆ ಖಾಲಿ.

ಕಂಪ್ಲೇಂಟ್ ಕೊಟ್ರಾ ಎಂದು ಕೇಳಿದೆ. ಇಲ್ಲ ಅಂದರು. ಠಾಣೆಗೆ ಹೋಗಿಬರಲು ಒಂದು ದಿನ ಬೇಕು, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇತ್ತು. ಪೊಲೀಸರು ಬಂದರೆ ಮೊದಲು ವಿಚಾರಿಸುವುದು ತೋಟದ ಕೆಲಸಕ್ಕೆ ಬಂದವರನ್ನೇ. ಒಮ್ಮೆ ಹಾಗಾಯಿತು ಅಂದರೆ ಮುಂದಿನ ಕೊನೆಕೊಯ್ಲಿಗೆ ಆ ಮನೆಗೆ ಯಾರೂ ಬರುವುದಿಲ್ಲ. ಎರಡು ಚೀಲ ಅಡಿಕೆ ಹೋದರೆ ಹೋಯಿತು, ಆಳು ಹೋದರೆ ತೋಟವೇ ಹೋದ ಹಾಗೆ. ಅವರ ಲೆಕ್ಕ ಸರಿಯೇ ಇದೆ.

ಆದರೆ ಜಿಲ್ಲೆಯ ಲೆಕ್ಕದಲ್ಲಿ ಈ ಕಳ್ಳತನ ನಡೆದೇ ಇಲ್ಲ. 'ಜಿಲ್ಲೆಯಲ್ಲಿ ಅಪರಾಧ ಇಳಿಕೆ' ಅಥವಾ 'ಅಪರಾಧ ಏರಿಕೆ' ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಖಾಲಿ ಮೂಲೆ ನೆನಪಾಗುತ್ತದೆ. ಪೊಲೀಸ್ ಅಂಕಿಅಂಶದಲ್ಲಿ ಇರುವುದು ನಡೆದ ಅಪರಾಧ ಅಲ್ಲ, ದಾಖಲಾದ ಅಪರಾಧ. ಎರಡರ ನಡುವೆ ಎಷ್ಟು ಅಂತರ ಇದೆ ಅನ್ನುವುದು ಊರಿಂದ ಊರಿಗೆ, ಅಪರಾಧದಿಂದ ಅಪರಾಧಕ್ಕೆ ಬದಲಾಗುತ್ತದೆ. ಬೈಕ್ ಕಳುವಾದರೆ ಎಲ್ಲರೂ ದೂರು ಕೊಡುತ್ತಾರೆ. ಯಾಕೆಂದರೆ ಇನ್ಶೂರೆನ್ಸ್‌ಗೆ ಎಫ್‌ಐಆರ್ ಬೇಕು. ಜಗಲಿಯಲ್ಲಿಟ್ಟ ಅಡಿಕೆಗೆ, ಕೊಟ್ಟಿಗೆಯ ದನಕ್ಕೆ, ಬೇಣದ (ತೋಟದ ಪಕ್ಕದ ಹುಲ್ಲುಗಾವಲಿನ) ಮರಕ್ಕೆ ಇನ್ಶೂರೆನ್ಸ್ ಎಲ್ಲಿದೆ?

ದೂರು ಕೊಡಲು ಹೋದರೂ ಅದು ಎಫ್‌ಐಆರ್ ಆಗಿಯೇ ಆಗುತ್ತದೆ ಅಂತಿಲ್ಲ. ಕಾನೂನೇನೋ ಸ್ಪಷ್ಟವಾಗಿದೆ. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಇದೆ. ಆದರೆ ಎಲ್ಲ ಊರಲ್ಲೂ ನಡೆಯುವುದು ನಿಮಗೂ ಗೊತ್ತು. ಅರ್ಜಿ ಬರೆಸಿಕೊಳ್ಳುತ್ತಾರೆ, ಎರಡೂ ಕಡೆಯವರನ್ನು ಕರೆಸುತ್ತಾರೆ, ರಾಜಿ ಮಾಡಿಸುತ್ತಾರೆ, ಒಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಬೇಲಿ ಜಗಳಕ್ಕೆ ಇದೇ ಒಳ್ಳೆಯ ಮದ್ದು, ಕೋರ್ಟು ಅಲೆಯುವುದು ತಪ್ಪುತ್ತದೆ. ಹೆಂಡತಿಗೆ ಹೊಡೆದ ಗಂಡನಿಗೂ ಇದೇ ಮದ್ದು ಕೊಟ್ಟರೆ ಮಾತ್ರ ಅದು ಮದ್ದಲ್ಲ.

ಇನ್ನು ಅಪರಾಧ ದರದ ಗಣಿತ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಬಳಸುವ ಸೂತ್ರ ಸರಳ: ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ದೊಡ್ಡದನ್ನು ಮಾತ್ರ ಎಣಿಸುತ್ತಾರೆ. ದರೋಡೆ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ.

2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಲೆಕ್ಕಕ್ಕೆ ಅಂತ ಒಂದು ವರ್ಷ 14 ಕೊಲೆ ಆಯಿತು ಎಂದುಕೊಳ್ಳಿ, ದರ ಸುಮಾರು ಒಂದು. ಮರುವರ್ಷ 21 ಆದರೆ ಪತ್ರಿಕೆಯಲ್ಲಿ 'ಕೊಲೆ ಶೇ 50ರಷ್ಟು ಹೆಚ್ಚಳ' ಎಂದು ಬರುತ್ತದೆ. ಸುಳ್ಳಲ್ಲ. ಆದರೆ ಹನ್ನೊಂದು ತಾಲ್ಲೂಕು ದಾಟಿರುವ ಜಿಲ್ಲೆಯಲ್ಲಿ ಏಳು ಪ್ರಕರಣದ ವ್ಯತ್ಯಾಸದಿಂದ ಕಾನೂನು ಸುವ್ಯವಸ್ಥೆ ಕುಸಿಯಿತು ಅಂತಲೂ ಹೇಳಲಾಗದು, ಮರುವರ್ಷ ಇಳಿದರೆ ಸುಧಾರಿಸಿತು ಅಂತಲೂ ಹೇಳಲಾಗದು. ಅಂಕಿ ಸಣ್ಣದಿದ್ದಾಗ ಶೇಕಡಾವಾರು ಮಾತು ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಐದು ವರ್ಷದ ಸರಾಸರಿ ಇಟ್ಟು ನೋಡಿದರೆ ಏನಾದರೂ ಕಂಡೀತು.

ಇನ್ನೊಂದು ಹೋಲಿಕೆ ನನಗೆ ಬಹಳ ಇಷ್ಟ. ಪಕ್ಕದ ಗೋವಾದ ಜನಸಂಖ್ಯೆ ಅದೇ ಗಣತಿಯಲ್ಲಿ 14.58 ಲಕ್ಷ. ಅಂದರೆ ಹೆಚ್ಚೂಕಡಿಮೆ ನಮ್ಮಷ್ಟೇ. ಆದರೆ ಗೋವಾದ ವಿಸ್ತೀರ್ಣ 3,702 ಚದರ ಕಿಲೋಮೀಟರ್, ನಮ್ಮದು 10,291. ಅದೂ ಬಹುಪಾಲು ಕಾಡು. ಜೊಯಿಡಾ ಒಂದೇ ತಾಲ್ಲೂಕು ಗೋವಾದ ಅರ್ಧದಷ್ಟಿದೆ. ಅಲ್ಲಿರುವ ಜನ ಐವತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಜನಸಂಖ್ಯೆ ನೋಡಿ ಸಿಬ್ಬಂದಿ ಕೊಟ್ಟರೆ ಜೊಯಿಡಾದ ಒಬ್ಬ ಬೀಟ್ ಪೊಲೀಸನಿಗೆ ಎಷ್ಟು ಗುಡ್ಡ ಬರುತ್ತದೆ ಎಂದು ಯೋಚಿಸಿ. ತುರ್ತು ಸಹಾಯದ 112ಕ್ಕೆ ಫೋನ್ ಮಾಡಿದರೆ ಬೆಂಗಳೂರಿನ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲಿ ಗಾಡಿ ಹೊರಟರೂ ದಾರಿಯೇ ಒಂದು ಗಂಟೆ. ಫೋನ್ ಮಾಡಲು ಮೊದಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು, ಅದು ಬೇರೆ ಮಾತು.

ದರದ ಲೆಕ್ಕದಲ್ಲಿ ಪ್ರವಾಸಿಗರಂತೂ ಇಲ್ಲವೇ ಇಲ್ಲ. ಡಿಸೆಂಬರ್ ಕೊನೆಯ ವಾರ ಗೋಕರ್ಣ, ಮುರುಡೇಶ್ವರದಲ್ಲಿ ಇರುವ ಜನ ಯಾವ ಗಣತಿಯಲ್ಲೂ ಆ ಊರಿನವರಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅಲ್ಲಿ ಕಳೆದ ಮೊಬೈಲು, ಎಗರಿಸಿದ ಸರ ಎಲ್ಲ ಪ್ರಕರಣದ ಸಂಖ್ಯೆಗೆ ಸೇರುತ್ತವೆ. ಭಾಗಿಸುವ ಜನಸಂಖ್ಯೆ ಮಾತ್ರ ಇಲ್ಲಿಯವರದ್ದೇ. ಇದರ ಉಲ್ಟಾ ಕೂಡ ಆಗುತ್ತದೆ. ಹುಬ್ಬಳ್ಳಿಯಿಂದ ಬಂದವರು ಬೀಚಿನಲ್ಲಿ ಪರ್ಸ್ ಕಳೆದುಕೊಂಡರೆ ರಜೆ ಮುಗಿಸಿ ಸುಮ್ಮನೆ ಊರಿಗೆ ಹೋಗುತ್ತಾರೆ. ಈಗ ಶೂನ್ಯ ಎಫ್‌ಐಆರ್‌ಗೆ ಕಾನೂನಿನಲ್ಲೇ ಜಾಗ ಸಿಕ್ಕಿದೆ. ತಮ್ಮ ಊರಿನ ಠಾಣೆಯಲ್ಲೇ ದೂರು ಕೊಡಬಹುದು, ಅದು ಗೋಕರ್ಣ ಠಾಣೆಗೆ ವರ್ಗವಾಗುತ್ತದೆ. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಜನ ಇದನ್ನು ಬಳಸಲು ಶುರು ಮಾಡಿದರೆ ಕರಾವಳಿ ಠಾಣೆಗಳ ಸಂಖ್ಯೆ ಏರುತ್ತದೆ. ಅದನ್ನು ನೋಡಿ ಗೋಕರ್ಣ ಕೆಟ್ಟಿತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಠಾಣೆಯ ಪುಸ್ತಕಕ್ಕೆ ಪ್ರಕರಣ ಬರುವ ದಾರಿ ಎರಡು. ಒಂದು, ಜನ ಹೇಳಿಕೊಂಡು ಬರುವುದು: ಕಳವು, ಹಲ್ಲೆ, ಮೋಸ. ಇನ್ನೊಂದು, ಪೊಲೀಸರೇ ಹುಡುಕಿಕೊಂಡು ಹೋಗುವುದು: ಮಟ್ಕಾ, ಅಂದರ್ ಬಾಹರ್, ಗಾಂಜಾ, ಗೋವಾ ಮದ್ಯ, ಅಕ್ರಮ ಮರಳು. ಈ ಎರಡನೇ ಜಾತಿಯ ಪ್ರಕರಣ ಹೆಚ್ಚಾಯಿತು ಅಂದರೆ ಅಪರಾಧ ಹೆಚ್ಚಾಯಿತು ಅಂತಲೇ ಅಲ್ಲ. ಹುಡುಕಾಟ ಹೆಚ್ಚಾಯಿತು ಅಂತಲೂ ಆಗಬಹುದು.

ಕಾರವಾರದಿಂದ ಗೋವಾಕ್ಕೆ ಹೋಗುವ ದಾರಿಯ ಮಾಜಾಳಿ ಗಡಿ ಇದಕ್ಕೆ ಒಳ್ಳೆಯ ಉದಾಹರಣೆ. ಗೋವಾದಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ. ಗಡಿ ದಾಟಿಸಿದರೆ ಲಾಭ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಂದಾಗಿನಿಂದಲೂ ಇದು ಅಪರಾಧವೇ, ಮತ್ತು ಅಲ್ಲಿಂದ ಇಲ್ಲಿವರೆಗೂ ನಡೆಯುತ್ತಲೇ ಇದೆ. ಬಸ್ಸಿನ ಸೀಟಿನಡಿ, ಮೀನಿನ ಬಾಕ್ಸಿನಡಿ, ಲಾರಿಯಲ್ಲಿ ಪ್ಲೈವುಡ್ಡಿನ ಹಿಂದೆ. ಚುನಾವಣೆ ಬಂತೆಂದರೆ ತಪಾಸಣೆ ಬಿಗಿ, ಪ್ರಕರಣಗಳ ಸಂಖ್ಯೆ ದಿಢೀರನೆ ಮೇಲೇರುತ್ತದೆ. ಮತ ಎಣಿಕೆ ಮುಗಿದ ಮೇಲೆ ಇಳಿಯುತ್ತದೆ. ಕುಡಿಯುವವರು ಅಷ್ಟೇ ಇರುತ್ತಾರೆ. ಅದರ ಮೇಲೆ, ಅಬಕಾರಿಯವರು ಹಿಡಿದರೆ ಅದು ಅವರ ಪುಸ್ತಕ, ಪೊಲೀಸರು ಹಿಡಿದರೆ ಇವರ ಪುಸ್ತಕ. ಯಾವ ಪುಸ್ತಕ ನೋಡಿ ಮಾತಾಡುತ್ತಿದ್ದೀರಿ ಅನ್ನುವುದರ ಮೇಲೆ ಕಾರವಾರ ಸಭ್ಯ ಊರೋ ಅಲ್ಲವೋ ನಿರ್ಧಾರವಾಗುತ್ತದೆ!

ಪೋಕ್ಸೊ ಪ್ರಕರಣಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. 2012ರ ಆ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಶಾಲೆಯವರು, ವೈದ್ಯರು ಈಗ ಹೆದರಿಯಾದರೂ ತಿಳಿಸುತ್ತಾರೆ. ಮೊದಲು ಮನೆಯೊಳಗೇ ಮುಚ್ಚಿಹೋಗುತ್ತಿದ್ದದ್ದು ಹೊರಗೆ ಬರುತ್ತಿದೆ. ಈ ಒಂದು ಸಂಖ್ಯೆ ಏರಿದರೆ ನಾನಂತೂ ತಕ್ಷಣ ಕೆಟ್ಟ ಸುದ್ದಿ ಅನ್ನುವುದಿಲ್ಲ.

ಎಣಿಕೆಯ ಮಿತಿ ಗೊತ್ತಾಗಬೇಕಾದರೆ ಬೇಲೆಕೇರಿ ನೆನಪು ಮಾಡಿಕೊಳ್ಳಿ. 2010ರಲ್ಲಿ ಅಂಕೋಲಾ ತಾಲ್ಲೂಕಿನ ಆ ಬಂದರಿನಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಮಾಯವಾಯಿತು. ರಾಜ್ಯದ ರಾಜಕೀಯವೇ ಅಲುಗಾಡಿತು. ಸಿಬಿಐ ತನಿಖೆ ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರೂ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು. ಮರು ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪರಾಧದ ಪಟ್ಟಿಯಲ್ಲಿ ಇಂಥದ್ದಕ್ಕೂ ಒಂದು ಪ್ರಕರಣಕ್ಕೆ ಒಂದೇ ಗೆರೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಬರೆದು ಸಿಕ್ಕಿಬಿದ್ದ ಮಟ್ಕಾ ಬರೆಯುವವನಿಗೂ ಒಂದು ಗೆರೆ.

ಇಷ್ಟು ಹೊತ್ತು ಅಪರಾಧದ ಮಾತಾಯಿತು. ಆದರೆ ಈ ಜಿಲ್ಲೆಯಲ್ಲಿ ಮನೆಯಿಂದ ಹೊರಟವರು ವಾಪಸ್ ಬರದಿರಲು ಕಾರಣ ಕಳ್ಳರೂ ಅಲ್ಲ, ಕೊಲೆಗಡುಕರೂ ಅಲ್ಲ. ನೀರು ಮತ್ತು ರಸ್ತೆ. ಪೊಲೀಸ್ ಅಂಕಿಅಂಶ ಕೈಕೊಡುವುದು ಇಲ್ಲೇ.

ಯಾರಾದರೂ ನೀರಿನಲ್ಲಿ ಮುಳುಗಿ ಸತ್ತರೆ ಠಾಣೆಯಲ್ಲಿ ದಾಖಲಾಗುವುದು ಅಸ್ವಾಭಾವಿಕ ಮರಣ ವರದಿ. ಬಾಯಿಮಾತಿನಲ್ಲಿ ಯುಡಿಆರ್. ಹಾವು ಕಚ್ಚಿದರೆ, ಅಡಿಕೆ ಮರದಿಂದ ಬಿದ್ದರೆ, ಕರೆಂಟು ಹೊಡೆದರೆ, ಬಾವಿಗೆ ಬಿದ್ದರೆ ಎಲ್ಲದಕ್ಕೂ ಅದೇ ಪುಸ್ತಕ. ಪಂಚನಾಮೆ ಆಗುತ್ತದೆ, ಮರಣೋತ್ತರ ಪರೀಕ್ಷೆ ಆಗುತ್ತದೆ, ಯಾರ ಮೇಲೂ ಅನುಮಾನ ಇಲ್ಲ ಎಂದು ಮನೆಯವರು ಬರೆದುಕೊಡುತ್ತಾರೆ, ಕಡತ ಮುಗಿಯುತ್ತದೆ. ಅಪರಾಧದ ಸಂಖ್ಯೆಗೆ ಇದು ಸೇರುವುದಿಲ್ಲ. ಸೇರಬೇಕು ಅಂತ ನಾನೂ ಹೇಳುತ್ತಿಲ್ಲ. ಆದರೆ ಜಿಲ್ಲೆ ಸುರಕ್ಷಿತವೋ ಅಲ್ಲವೋ ಎಂಬ ಮಾತು ಬಂದಾಗ ಈ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಹೋದರು. ಆಮೇಲೆ ಬೀಚ್ ಬಂದ್ ಆಯಿತು, ಅಧಿಕಾರಿಗಳ ಸಭೆ ಆಯಿತು. ಇವು ದೊಡ್ಡ ಸುದ್ದಿಯಾದವು. ಒಬ್ಬಿಬ್ಬರು ಹೋದದ್ದು ಒಳಪುಟದ ನಾಲ್ಕು ಸಾಲು.

ಕಡಲ ದಂಡೆಯವರಿಗೆ ಗೊತ್ತಿರುವ ಒಂದು ವಿಷಯ ಘಟ್ಟದ ಮೇಲಿನವರಿಗೆ ಗೊತ್ತಿರುವುದಿಲ್ಲ. ಅಲೆ ಜೋರಾಗಿ ಒಡೆಯುವ ಜಾಗ ನೋಡಿದರೆ ಹೆದರಿಕೆಯಾಗುತ್ತದೆ. ಅದರ ಪಕ್ಕದಲ್ಲಿ ನೀರು ಸುಮ್ಮನೆ ಇರುವ ಹಾಗೆ ಕಾಣುವ ಜಾಗ ಇರುತ್ತದೆ. ಬಂದವರು ಅಲ್ಲೇ ಇಳಿಯುತ್ತಾರೆ. ದಂಡೆಗೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ ಆಗಿರುತ್ತದೆ, ಸೆಳವು ಇರುವುದೂ ಅಲ್ಲೇ. ಸಿಕ್ಕಿಕೊಂಡವರು ದಂಡೆಯ ಕಡೆ ನೇರ ಈಜಲು ಹೋಗಿ ಸೋಲುತ್ತಾರೆ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿದರೆ ಸೆಳವಿನಿಂದ ಹೊರಗೆ ಬರಬಹುದು. ಇದನ್ನು ದೂರದ ಊರಿನ ಮಕ್ಕಳಿಗೆ ಬಸ್ಸಿನಲ್ಲಿ ಕೂತಾಗಲೇ ಹೇಳಿದ್ದರೆ? ಬೋರ್ಡು ಹಾಕುತ್ತಾರೆ, ನಿಜ. 'ಈಜು ನಿಷೇಧಿಸಿದೆ' ಎಂದು ಬರೆದ ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟು ನೀರಿಗಿಳಿಯುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಯುಡಿಆರ್ ಎಂಬ ಮೂರಕ್ಷರ ಎಷ್ಟು ಸೂಕ್ಷ್ಮ ಅನ್ನುವುದನ್ನು ನಮ್ಮ ಜಿಲ್ಲೆ 2017ರ ಡಿಸೆಂಬರ್‌ನಲ್ಲಿ ನೋಡಿತು. ಹೊನ್ನಾವರದಲ್ಲಿ ಗಲಭೆಯ ಬೆನ್ನಿಗೆ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಹೇಗೆ ಸತ್ತ ಎಂದು ಗೊತ್ತಾಗುವ ಮೊದಲೇ ವಾಟ್ಸ್ಯಾಪ್‌ನಲ್ಲಿ ತೀರ್ಪು ಬಂದಾಗಿತ್ತು. ಹೊನ್ನಾವರ, ಕುಮಟಾ, ಶಿರಸಿ ಹೊತ್ತಿಕೊಂಡವು. ಪ್ರಕರಣ ಸಿಬಿಐಗೆ ಹೋಯಿತು. 2022ರಲ್ಲಿ ಸಿಬಿಐ ಕೋರ್ಟಿಗೆ ಕೊಟ್ಟ ವರದಿ ಅದು ಆಕಸ್ಮಿಕ ಸಾವು ಎಂದಿತು. ನಡುವಿನ ಐದು ವರ್ಷದಲ್ಲಿ ಗಲಭೆ ಕೇಸಿಗೆ ಬಿದ್ದ ಹುಡುಗರು ಕೋರ್ಟಿಗೆ ಅಲೆಯುತ್ತಿದ್ದರು. ಒಂದು ಸಾವಿನ ಕಾರಣವನ್ನು ಬೇಗ, ನಂಬುವ ಹಾಗೆ ಹೇಳುವ ವ್ಯವಸ್ಥೆ ಇಲ್ಲದಿದ್ದರೆ ಆ ಖಾಲಿ ಜಾಗವನ್ನು ತುಂಬಲು ಬೇರೆಯವರು ಕಾದಿರುತ್ತಾರೆ.

ಇನ್ನು ರಸ್ತೆ. ಅಪಘಾತದ ಸಾವಿಗೆ ಎಫ್‌ಐಆರ್ ಆಗುತ್ತದೆ, ನಿರ್ಲಕ್ಷ್ಯದಿಂದ ಸಾವು ಎಂಬ ಕಲಂ ಬೀಳುತ್ತದೆ. ಆರೋಪಿ ಸಾಮಾನ್ಯವಾಗಿ ಚಾಲಕ. ತಿರುವಿನ ಮೇಲೆ, ಕಡಿದ ಗುಡ್ಡದ ಮೇಲೆ, ದೀಪವಿಲ್ಲದ ಡೈವರ್ಷನ್ ಮೇಲೆ ಯಾರು ಕೇಸು ಹಾಕುತ್ತಾರೆ?

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಣಿವೆಗೆ ಉರುಳಿತು. ಕನಿಷ್ಠ 10 ಜನ ಸತ್ತರು. ಎಲ್ಲ ಸಂತೆ ವ್ಯಾಪಾರಿಗಳು, ಮೂಟೆಗಳ ಮೇಲೆ ಕೂತು ಬರುತ್ತಿದ್ದವರು. ಲಾರಿಯ ಮೇಲೆ ಜನ ಕೂರುವುದು ತಪ್ಪು, ಒಪ್ಪೋಣ. ಆದರೆ ಬೆಳಗಾಗುವ ಮೊದಲು ಸಂತೆ ಮುಟ್ಟಬೇಕಾದ ಬಡ ವ್ಯಾಪಾರಿಗೆ ಆ ಹೊತ್ತಿಗೆ ಮೂಟೆ ಸಮೇತ ಕರೆದೊಯ್ಯುವ ಬಸ್ ಯಾವುದಿದೆ? ಅರಬೈಲ್ ಘಟ್ಟದ ಆ ದಾರಿ ಹುಬ್ಬಳ್ಳಿಗೂ ಕರಾವಳಿಗೂ ಇರುವ ಮುಖ್ಯ ಕೊಂಡಿ. ಹಗಲೂ ರಾತ್ರಿ ಲಾರಿಗಳ ಸಾಲು.

ಅದಕ್ಕೂ ಆರು ತಿಂಗಳ ಹಿಂದೆ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜಾರಿ ಗಂಗಾವಳಿಗೆ ಬಿತ್ತು. ಚಹಾ ಅಂಗಡಿ, ಲಾರಿ, ಮನುಷ್ಯರು ಎಲ್ಲ ನದಿಗೆ. ಕೇರಳದ ಲಾರಿ ಚಾಲಕನ ಶವ ಸಿಗಲು ಸೆಪ್ಟೆಂಬರ್ ಕೊನೆ ಬೇಕಾಯಿತು. ಆಗಸ್ಟ್ 7ರ ಮಧ್ಯರಾತ್ರಿ ಕಾರವಾರದ ಹಳೆ ಕಾಳಿ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಕ್ಯಾಬಿನ್ ಮೇಲೆ ಹತ್ತಿ ನಿಂತಿದ್ದ ಚಾಲಕನನ್ನು ದಂಡೆಗೆ ತಂದದ್ದು ಪೊಲೀಸರ ಜೊತೆಗೆ ಸ್ಥಳೀಯ ಮೀನುಗಾರರು. ಈ ಮೂರು ಘಟನೆ ಏಳು ತಿಂಗಳೊಳಗೆ ಒಂದೇ ಜಿಲ್ಲೆಯಲ್ಲಿ ನಡೆದವು. ಆ ವರ್ಷಗಳ ಅಪರಾಧ ದರದಲ್ಲಿ ಇವು ಎಷ್ಟು ಕಾಣುತ್ತವೆ? ಹೆಚ್ಚೂಕಡಿಮೆ ಏನೂ ಇಲ್ಲ.

ಅಪಘಾತ ಆದ ಮೇಲಿನ ಕತೆ ಇನ್ನೂ ಬೇರೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು ಬಿದ್ದರೆ ಜನ ಕೇಳುವುದು ಮಣಿಪಾಲವೋ, ಹುಬ್ಬಳ್ಳಿಯೋ, ಗೋವಾವೋ ಅಂತ. ಹೊನ್ನಾವರದಿಂದ ಮಣಿಪಾಲ ನೂರು ಕಿಲೋಮೀಟರ್ ಮೇಲೆ, ಶಿರಸಿಯಿಂದ ಹುಬ್ಬಳ್ಳಿಯೂ ಅಷ್ಟೇ. ತಜ್ಞರು ಬಂಗಾರದ ಗಂಟೆ ಎಂದು ಕರೆಯುವ ಆ ಮೊದಲ ಗಂಟೆ ನಮ್ಮಲ್ಲಿ ಆಂಬುಲೆನ್ಸ್ ಒಳಗೇ ಮುಗಿಯುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್‌ಗೇಟಿಗೆ ಜಾರಿ ಬಡಿದು ನಾಲ್ವರು ಸತ್ತ ವಿಡಿಯೊ ನೀವೂ ನೋಡಿರುತ್ತೀರಿ. (ಅದು ಉಡುಪಿ ಜಿಲ್ಲೆಯ ಶಿರೂರು, ಗುಡ್ಡ ಕುಸಿದದ್ದು ನಮ್ಮ ಶಿರೂರು. ಎರಡು ವರ್ಷದಲ್ಲಿ ಒಂದೇ ಹೆದ್ದಾರಿಯ ಎರಡು ಶಿರೂರುಗಳು.) ಆಗಲೇ 'ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ' ಎಂಬ ಅಭಿಯಾನ ಜೋರಾಯಿತು. ಅದು ಆರೋಗ್ಯ ಇಲಾಖೆಯ ವಿಷಯ ಎಂದು ಬದಿಗೆ ಸರಿಸಿದರು. ನನಗೆ ಅದು ಸಾರ್ವಜನಿಕ ಸುರಕ್ಷತೆಯ ವಿಷಯವೇ.

ಎರಡು ಮಾತು ಮಾತ್ರ ಇಲ್ಲಿ ಗೊತ್ತಿರಲಿ. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯಲ್ಲೇ ಆ ರಕ್ಷಣೆ ಇದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಗೂ ಅವಕಾಶ ಇದೆ. ಕೇಸಿಗೆ ಹೆದರಿ ಗಾಡಿ ನಿಲ್ಲಿಸದೆ ಹೋಗುವವರು ಇನ್ನೂ ಇದ್ದಾರೆ, ಅದಕ್ಕೇ ಹೇಳಿದೆ.

ಘಟ್ಟದ ಮೇಲಿನ ಒಂಟಿ ಮನೆಗಳದ್ದು ಬೇರೆಯದೇ ಭಯ. ಸಿದ್ದಾಪುರ, ಶಿರಸಿ, ಯಲ್ಲಾಪುರ ಕಡೆ ತೋಟಕ್ಕೊಂದು ಮನೆ. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಕೆಲವೆಡೆ ಒಬ್ಬರೇ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಇದೆ, ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಬೇಕು. ನಮ್ಮ ಅತ್ತೆಯೊಬ್ಬರನ್ನು ಕಳ್ಳರ ಹೆದರಿಕೆ ಇಲ್ಲವಾ ಎಂದು ಕೇಳಿದ್ದಕ್ಕೆ, "ಕಳ್ಳ ಬಂದ್ರೆ ಬರ್ಲಿ ತಮಾ, ಬಚ್ಚಲಲ್ಲಿ ಜಾರಿ ಬಿದ್ರೆ ಎಂತ ಮಾಡವು ಹೇಳು?" ಎಂದರು. ರಾಜ್ಯ ಸರ್ಕಾರ 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಶುರು ಮಾಡಿದೆ. ಬೀಟ್ ಸಿಬ್ಬಂದಿ ಮನೆಗೇ ಬಂದು ಕಷ್ಟ ಕೇಳಬೇಕು. ಇದು ನಿಜವಾಗಿ ಬೇಕಿರುವುದು ಇಂಥ ಮನೆಗಳಿಗೆ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂಬ ಪಟ್ಟಿ ಬೀಟ್ ಪುಸ್ತಕದಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಈ ಮನೆಗಳಿಗೆ ಈಗ ಕಳ್ಳ ಬರುವುದು ಬಾಗಿಲಿನಿಂದ ಅಲ್ಲ, ಫೋನಿನಿಂದ. ಅಡಿಕೆ ದುಡ್ಡು ಬ್ಯಾಂಕಿನಲ್ಲಿರುತ್ತದೆ, 'ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ' ಎಂದು ವಿಡಿಯೊ ಕಾಲ್ ಬರುತ್ತದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆದರೆ ಮಾತ್ರ ಉಳಿಯುತ್ತದೆ. ನಾಳೆ ಕಾರವಾರದ ಸೆನ್ (ಸೈಬರ್ ಅಪರಾಧ ನೋಡುವ) ಠಾಣೆಗೆ ಹೋಗೋಣ ಎಂದು ಕಾದರೆ ಕತೆ ಮುಗಿಯಿತು.

ಹಾಗಾದರೆ ಏನನ್ನು ಎಣಿಸಬೇಕು? ವರ್ಷಕ್ಕೊಮ್ಮೆ ಎಸ್‌ಪಿ ಕಚೇರಿಯಿಂದ ಬರುವ ಅಂಕಿಅಂಶದಲ್ಲಿ ಕಳವು ಎಷ್ಟು, ಪತ್ತೆ ಎಷ್ಟು ಎಂದು ಇರಲಿ. ಅದರ ಜೊತೆ 112ಕ್ಕೆ ಕರೆ ಬಂದ ಮೇಲೆ ಗಾಡಿ ತಲುಪಲು ತಾಲ್ಲೂಕುವಾರು ಎಷ್ಟು ನಿಮಿಷ ಹಿಡಿಯಿತು ಎಂದೂ ಹೇಳಲಿ. ಜಿಲ್ಲೆಯ ಸರಾಸರಿ ಬೇಡ. ಕಾರವಾರ ಪೇಟೆಯ ಐದು ನಿಮಿಷ ಜೊಯಿಡಾದ ಐವತ್ತು ನಿಮಿಷವನ್ನು ಮುಚ್ಚಿಬಿಡುತ್ತದೆ. ಅಪಘಾತಗಳನ್ನು ಠಾಣೆವಾರು ಕೊಡುವ ಬದಲು ಕಿಲೋಮೀಟರ್ ಕಲ್ಲಿನ ಪ್ರಕಾರ ಕೊಟ್ಟರೆ ಯಾವ ತಿರುವು ಕೊಲ್ಲುತ್ತಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ನೀರಿನ ಸಾವುಗಳಿಗಂತೂ ಹೊಸ ಸಮೀಕ್ಷೆಯೂ ಬೇಡ, ಸಮಿತಿಯೂ ಬೇಡ. ಯಾವ ದಂಡೆ, ಯಾವ ತಿಂಗಳು, ಎಷ್ಟು ಗಂಟೆ ಎಂಬ ಮೂರು ಕಾಲಂ ಸಾಕು. ಜೀವರಕ್ಷಕರನ್ನು ಎಲ್ಲಿ, ಯಾವಾಗ ನಿಲ್ಲಿಸಬೇಕು ಎಂದು ಅದೇ ಹೇಳುತ್ತದೆ. ಆ ಮೂರೂ ವಿವರ ಯುಡಿಆರ್ ಕಡತಗಳಲ್ಲಿ ಆಗಲೇ ಬರೆದಿದೆ.